ಕೆಲಸವಿಲ್ಲದ ದಿನಗಳಲ್ಲಿ ನನಗಾಗಿ ಬೇಡಿಕೊಂಡವರು

ಕಾಸರಗೋಡಿನ ಕನ್ನಡದವರಿಗೆ ಮಂಗಳೂರು ಪರರಾಜ್ಯ ಅನ್ನಿಸುವುದು ಕಾಗದಪತ್ರದಲ್ಲಿ ಮಾತ್ರ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದರೂ ದೊಡ್ಡಾಸ್ಪತ್ರೆ, ಕಾಲೇಜು, ಮದುವೆಯ ಜವಳಿ, ಕೊನೆಗೆ ಹೊಟ್ಟೆಪಾಡಿನ ಕೆಲಸವೂ ಗಡಿಯ ತಲಪಾಡಿಯಿಂದ ಆಚೆಯೇ ಉಳಿದವು. ನೀರ್ಚಾಲಿನಿಂದ ಬಸ್ಸಲ್ಲಿ ಕುಂಬಳೆಗೆ ಬಂದು, ಅಲ್ಲಿ ಬೆಳಗ್ಗಿನ ರೈಲು ಹಿಡಿದು ಮಂಗಳೂರಿಗೆ ಹೋಗಿ, ಕತ್ತಲಾಗುವ ಹೊತ್ತಿಗೆ ಅದೇ ದಾರಿಯಲ್ಲಿ ಮನೆ ಸೇರುವುದು ಮದುವೆಗೆ ಮೊದಲಿನಿಂದಲೇ ನನ್ನ ರೂಢಿ. ಸೀಸನ್ ಟಿಕೇಟಿನವರು ನಾವು. ನರ್ಸುಗಳು, ಜವಳಿ ಅಂಗಡಿಯ ಹುಡುಗಿಯರು, ಬಂದರಿನ ಗುಮಾಸ್ತರು, ಕಾಲೇಜು ಮಕ್ಕಳು. ಯಾರಿಗೆ ಯಾವ ಬೋಗಿ, ಯಾವ ಕಿಟಕಿ ಎಂದು ಗೊತ್ತಿರುತ್ತಿತ್ತು.

ಅಲ್ಲಿಯ ಒಂದು ಮುದ್ರಣಾಲಯದಲ್ಲಿ ನಾನು ಡಿಟಿಪಿ ಮಾಡುತ್ತಿದ್ದೆ. ಅಕ್ಷರ ಜೋಡಣೆ, ಪುಟ ವಿನ್ಯಾಸ, ಪ್ರೂಫ್ ಎಲ್ಲ ನನ್ನ ಪಾಲಿಗೆ. ಬಿಲ್ ಬುಕ್ಕು, ಸ್ಮರಣ ಸಂಚಿಕೆ, ಒಂದೊಂದು ಕವನ ಸಂಕಲನ ಬರುತ್ತಿದ್ದರೂ ಪ್ರೆಸ್ಸನ್ನು ಸಾಕುತ್ತಿದ್ದದ್ದು ಆಮಂತ್ರಣ ಪತ್ರಿಕೆಗಳು. ನಮ್ಮ ಕಡೆಯ ದೇವಸ್ಥಾನಗಳ ಬ್ರಹ್ಮಕಲಶೋತ್ಸವದ ಆಮಂತ್ರಣ ನೋಡಿದವರಿಗೆ ಗೊತ್ತು, ಅದೊಂದು ಪುಸ್ತಕ. ಗೌರವಾಧ್ಯಕ್ಷರಿಂದ ತೊಡಗಿ ಚಪ್ಪರ ಸಮಿತಿ, ಪಾಕಶಾಲೆ ಸಮಿತಿ, ವಾಹನ ನಿಲುಗಡೆ ಸಮಿತಿಯ ತನಕ ಊರಿನ ಪ್ರತಿಯೊಂದು ಮನೆಯ ಹೆಸರೂ ಅದರಲ್ಲಿ ಬರಬೇಕು. ಒಂದು ಇನಿಶಿಯಲ್ ತಪ್ಪಿದರೂ ಮಾತು ಬರುತ್ತದೆ. ಮಕರ ಸಂಕ್ರಮಣ ಕಳೆದು ಶುರುವಾದ ಗಡಿಬಿಡಿ ಮೇ ತಿಂಗಳ ಕೊನೆಗೆ ಪತ್ತನಾಜೆ ಬರುವ ತನಕ. ಆಮೇಲೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ, ಪ್ರೆಸ್ಸಿನವರಿಗೂ ಉಸಿರಾಡಲು ಪುರುಸೊತ್ತಾಗುತ್ತದೆ. ಆ ನಾಲ್ಕೈದು ತಿಂಗಳ ದುಡಿಮೆಯಲ್ಲಿ ಇಡೀ ಮಳೆಗಾಲ ದೂಡಬೇಕು.

2020ರಲ್ಲಿ ಆ ದುಡಿಮೆಯ ಕಾಲ ಮಾರ್ಚಿಗೇ ಮುಗಿದುಹೋಯಿತು. ರೈಲು ನಿಂತಿತು, ತಲಪಾಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ನಮ್ಮ ಕಡೆಯ ರೋಗಿಗಳು ಪ್ರಾಣ ಬಿಟ್ಟರು. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನ ತನಕ ಹೋಯಿತು. ಆ ಸಾವುಗಳ ಎದುರು ನನ್ನ ಕೆಲಸದ ಮಾತು ತೀರಾ ಸಣ್ಣದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಂಚಲು ಸಿದ್ಧವಾಗಿದ್ದ ಆಮಂತ್ರಣದ ಕಟ್ಟುಗಳು ಪ್ರೆಸ್ಸಿನಲ್ಲೇ ಉಳಿದವು. ದಿನಾ ಹೋಗಿಬರುವವರಿಗೆ ಪಾಸ್ ಕೊಟ್ಟರು, ನಿಲ್ಲಿಸಿದರು, ಮತ್ತೆ ಕೊಟ್ಟರು. ಆಟಿ ತಿಂಗಳ ಜಡಿಮಳೆಯಲ್ಲಿ ಒಂದು ದಿನ ಯಜಮಾನರ ಫೋನ್ ಬಂತು. ಮೆಷಿನ್ ನಿಲ್ಲಿಸಿದ್ದೇವೆ, ಕಟ್ಟಡ ಬಿಟ್ಟುಕೊಡುತ್ತಿದ್ದೇವೆ ಎಂದರು. ಅವರ ದನಿಯೂ ನಡುಗುತ್ತಿತ್ತು.

ಮನೆಯಲ್ಲಿ ಅಮ್ಮ, ಹೆಂಡತಿ, ಏಳನೇ ಕ್ಲಾಸಿನ ಮಗಳು. ತೋಟ ಎಂದು ಹೇಳುವಷ್ಟು ತೋಟ ನಮಗಿಲ್ಲ, ಮನೆ ಸುತ್ತ ಒಂದಷ್ಟು ಅಡಿಕೆ ಮರ, ಒಂದು ದನ. ಮನೆ ಕಟ್ಟಲು ತೆಗೆದ ಸಹಕಾರಿ ಬ್ಯಾಂಕಿನ ಸಾಲ ಇತ್ತು. ರಿಸರ್ವ್ ಬ್ಯಾಂಕು ಆಗಸ್ಟ್ 31ರ ತನಕ ಕಂತು ಕಟ್ಟುವುದರಿಂದ ವಿನಾಯಿತಿ ಕೊಟ್ಟಿದ್ದರೂ ಬಡ್ಡಿ ಬೆಳೆಯುತ್ತಲೇ ಇತ್ತು. ಪಿಎಫ್‌ನಿಂದ ತೆಗೆದದ್ದು ಅಮ್ಮನ ಮದ್ದಿಗೂ ಮಳೆಗಾಲದ ಖರ್ಚಿಗೂ ಕರಗಿತು. ಬಡವರ ಪಟ್ಟಿಗೆ ಸೇರದ ಬಿಳಿ ಕಾರ್ಡಿನವರಾದ ನಮಗೂ ರೇಷನ್ ಅಂಗಡಿಯಿಂದ ಸರಕಾರದ ಕಿಟ್ ಬಂತು, ಅದನ್ನು ಮರೆಯಲಾರೆ. ಪಿಎಸ್‌ಸಿಯಲ್ಲಿ ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದು ಗುಮಾಸ್ತ ಹುದ್ದೆ ಉಂಟು, ಆದರೆ ಅದರ ವಯಸ್ಸು ನನಗೆ ದಾಟಿತ್ತು.

ಕೆಲಸ ಹೋದವರ ಕಷ್ಟ ಎಂದರೆ ದುಡ್ಡಿನ ಕಷ್ಟ ಎಂದೇ ಹೊರಗಿನವರು ತಿಳಿಯುತ್ತಾರೆ. ಅದು ಇದ್ದೇ ಇದೆ. ಆದರೆ ಬೆಳಗ್ಗೆ ಬಸ್ಸಿನ ಹೊತ್ತಿಗೆ ಎಚ್ಚರವಾಗಿ, ಎದ್ದು ಹೋಗಬೇಕಾದ ಜಾಗ ಯಾವುದೂ ಇಲ್ಲ ಎಂದು ಗೊತ್ತಾಗುವ ಆ ಗಳಿಗೆ ಬೇರೆಯೇ. ಮಗಳು ಕನ್ನಡಿ ಎದುರು ಇಟ್ಟಿದ್ದ ನನ್ನ ಪೆನ್ನು, ಪರ್ಸು, ರೈಲಿನ ಪಾಸನ್ನು ದಿನಾ ಒರೆಸಿ ಇಡುತ್ತಿದ್ದಳು. ಪೇಟೆಗೆ ಹೋದರೆ ಪರಿಚಯದವರು ಕೇಳುವ ಮೊದಲ ಮಾತು 'ಈಗ ಎಂತ ಮಾಡ್ತಾ ಇದ್ದೀರಿ?' ಅವರಿಗೆ ಅದು ಕುಶಲ ಕೇಳುವ ಕ್ರಮ, ತಪ್ಪಿಲ್ಲ. ನನಗೆ ಮಾತ್ರ ಪೇಟೆಯೇ ಬೇಡ ಅನ್ನಿಸತೊಡಗಿತು.

ಆ ದಿನಗಳಲ್ಲಿ ನನ್ನನ್ನು ಎತ್ತಿ ನಿಲ್ಲಿಸಿದವರ ಬಗ್ಗೆ ಬರೆಯಬೇಕೆಂದು ಎಷ್ಟೋ ಸಮಯದಿಂದ ಇತ್ತು. ಹೆಸರು ಹಾಕುವುದಿಲ್ಲ, ಹಾಕಿದರೆ ಅವರಿಗೆ ಇಷ್ಟವಾಗದು.

ಪೇಟೆಯ ದಿನಸಿ ಅಂಗಡಿಯವರನ್ನು ನಾವೆಲ್ಲ ಇಚ್ಚ, ಅಂದರೆ ಅಣ್ಣ, ಎಂದೇ ಕರೆಯುವುದು. ಅವರಿಗೆ ನಾನು ಪ್ರೆಸ್ಸಿನ ಭಟ್ರು. ಕೆಲಸ ಹೋದ ಮೇಲೂ ಅವರು ಹಾಗೆಯೇ ಕರೆಯುತ್ತಿದ್ದರು. ಮೊದಲು ತಿಂಗಳ ಚೀಟಿ ಕೊಟ್ಟು ಸಾಮಾನು ತರುತ್ತಿದ್ದ ನಾವು ಕಾಲು ಕಿಲೋ, ಅರ್ಧ ಕಿಲೋ ಎಂದು ಕೇಳತೊಡಗಿದ್ದನ್ನು ಅವರು ಗಮನಿಸಿರಬೇಕು. ಅದರ ಬಗ್ಗೆ ಒಂದು ಮಾತಿಲ್ಲ. ಒಂದು ಸಂಜೆ ಅಂಗಡಿಯ ಲೆಕ್ಕದ ಪುಸ್ತಕ ತೆಗೆದು ನನ್ನ ಕೈಯಲ್ಲಿಟ್ಟರು.

'ಪ್ರೆಸ್ಸಿನ ಭಟ್ರೇ, ನನಗೊಂದು ಉಪಕಾರ ಆಗಬೇಕಿತ್ತು. ಹುಡುಗ ಬರೆದದ್ದು ಅವನಿಗೇ ಓದಲಿಕ್ಕೆ ಆಗುವುದಿಲ್ಲ. ಇದನ್ನು ನೀವು ಕಂಪ್ಯೂಟರಲ್ಲಿ ಹಾಕಿ ಸರಿ ಮಾಡಿಕೊಡಬೇಕು. ಅವಸರ ಇಲ್ಲ.'

ಹೊದಿಕೆ ಕಿತ್ತುಹೋದ, ಎಣ್ಣೆ ಕೈಯ ಗುರುತಿರುವ ಉದ್ದ ಪುಸ್ತಕ. ಮನೆಗೆ ತಂದು ಹಳೆಯ ಕಂಪ್ಯೂಟರಿನ ಎದುರು ಕೂತೆ. ಒಂದೊಂದು ಮನೆಗೆ ಒಂದೊಂದು ಪುಟ. ಅಕ್ಕಿ, ಬೆಲ್ಲ, ಸಾಬೂನು, ಮಗುವಿನ ಬಿಸ್ಕತ್ತು. ಓದುತ್ತ ಓದುತ್ತ ನಮ್ಮ ಪೇಟೆಯ ಸುತ್ತಿನ ಎಷ್ಟು ಅಡುಗೆಮನೆಗಳು ಆ ಪುಸ್ತಕದ ಮೇಲೆ ನಿಂತಿವೆ ಎಂಬುದು ಕಾಣತೊಡಗಿತು. ರಿಕ್ಷಾದವರು, ಚಪ್ಪರ ಹಾಕುವವರು, ವೇಷಧಾರಿಗಳು, ಟೈಲರ್‌ಗಳು. ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಜೋಡಿಸುತ್ತಿದ್ದೆನೋ ಅವರದೇ ಮನೆಗಳು. ಕೆಲವು ಪುಟಗಳಲ್ಲಿ ಮೊತ್ತದ ಮೇಲೆ ಅಡ್ಡಗೆರೆ ಎಳೆದಿತ್ತು, ದುಡ್ಡು ಬಂದ ತಾರೀಕು ಮಾತ್ರ ಇರಲಿಲ್ಲ. ಮರುದಿನ ಕೇಳಿದೆ, 'ಇಚ್ಚಾ, ಇದಕ್ಕೆ ಎಂತ ಬರೆಯುವುದು?' ಅವರು ಪುಟವನ್ನು ಒಮ್ಮೆ ನೋಡಿ, 'ಬಂದಿದೆ ಅಂತ ಬರೆಯಿರಿ' ಎಂದರು. ಬಂದಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ನಮ್ಮ ಮನೆಯ ಪುಟದಲ್ಲಿ ಎಪ್ರಿಲ್ ನಂತರ ಬರೆದದ್ದೇ ಇರಲಿಲ್ಲ. ಹೆಂಡತಿಯನ್ನು ಕೂರಿಸಿಕೊಂಡು, ನೆನಪು ಮಾಡಿ, ತಂದದ್ದನ್ನೆಲ್ಲ ನಾವೇ ಬರೆದು ಸೇರಿಸಿದೆವು. ಇಚ್ಚ ಅದನ್ನು ಕೊನೆಯ ತನಕ ಓದಿದರು, ಸಕ್ಕರೆಯ ಕ್ರಯ ಒಂದು ಕಡೆ ತಿದ್ದಿಸಿದರು, ಪುಸ್ತಕ ಮುಚ್ಚಿದರು. ಬೇಡ ಎನ್ನಲಿಲ್ಲ, ಅಳಿಸಲಿಲ್ಲ. ನನ್ನ ಸಾಲವನ್ನು ಸಾಲ ಎಂದೇ ಒಪ್ಪಿಕೊಂಡರಲ್ಲ, ಆ ಮರ್ಯಾದೆಯನ್ನು ನಾನು ಯಾವತ್ತೂ ಮರೆಯಲಾರೆ. ಪುಸ್ತಕ ಸರಿಮಾಡಿದ್ದಕ್ಕೆ ಪ್ರತ್ಯೇಕ ದುಡ್ಡು ಕೊಟ್ಟರು. ಅದನ್ನು ಸಾಲಕ್ಕೆ ವಜಾ ಮಾಡಿ ಎಂದೆ. 'ಅದು ಬೇರೆ ಲೆಕ್ಕ, ಇದು ಬೇರೆ ಲೆಕ್ಕ' ಎಂದರು.

ಯಾಕೆ ಹೀಗೆ ಎಂದು ತಿಳಿದದ್ದು ಇನ್ನೂ ಕೆಲವು ವಾರ ಕಳೆದು, ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ. 1990ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ಇಚ್ಚ ಅಲ್ಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಸಂಬಳ, ಉಳಿತಾಯ ಎಲ್ಲ ಅಲ್ಲಿಯೇ ಬಿಟ್ಟು ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ಸೇರಿ, ಏರ್ ಇಂಡಿಯಾದ ವಿಮಾನದಲ್ಲಿ ಊರಿಗೆ ಬಂದವರು. ಆಗ ಹಾಗೆ ಬಂದ ಭಾರತೀಯರು ಒಂದೂವರೆ ಲಕ್ಷಕ್ಕೂ ಮೇಲೆ. ನಮ್ಮ ಜಿಲ್ಲೆಯಲ್ಲಿ ಆ ವರ್ಷ ಬರಿಗೈಯಲ್ಲಿ ಮನೆಗೆ ಬಂದವರ ಕಥೆ ಊರೂರಲ್ಲಿ ಸಿಗುತ್ತದೆ. 'ಅಂಗಡಿ ಇಡುವ ಅಂದ್ರೆ ಕೈಯಲ್ಲಿ ಎಂತದ್ದೂ ಇಲ್ಲ. ಕುಂಬಳೆಯಲ್ಲಿ ಒಬ್ಬರು ಕೊಂಕಣಿ ಅಂಗಡಿಯವರು ಒಂದು ಲೋಡು ಅಕ್ಕಿ ಇಳಿಸಿ ಹೋದರು. ಮಾರಿದ ಮೇಲೆ ಕೊಡು ಅಂದರು. ಕಾಗದ ಇಲ್ಲ, ಸಾಕ್ಷಿ ಇಲ್ಲ.' ಹೇಳುತ್ತ ಇಚ್ಚ ತಕ್ಕಡಿಯ ತಟ್ಟೆ ಒರೆಸುತ್ತಿದ್ದರು.

ನಮ್ಮ ಮೇಲಿನಮನೆ ಮಾವ ಬೇರೆ ಸ್ವಭಾವದವರು. ಮಾತು ಕಡಿಮೆ, ಸಿಟ್ಟು ಸ್ವಲ್ಪ ಜಾಸ್ತಿ. ಎಂಬತ್ತರ ಹತ್ತಿರದ ವಯಸ್ಸಿನಲ್ಲೂ ತೋಟದ ಮೂಲೆ ಮೂಲೆಗೆ ನಡೆಯುತ್ತಾರೆ. ಒಂದು ಬೆಳಗ್ಗೆ ಬೇಲಿಯ ಆಚೆಯಿಂದಲೇ ಕೂಗಿದರು:

'ಅಡಕ್ಕೆ ಸೊಲಿವಲೆ ಜೆನ ಸಿಕ್ಕುತ್ತವಿಲ್ಲೆ ಮಾಣಿ. ಪುರುಸೊತ್ತಿದ್ದರೆ ರಜ್ಜ ಬತ್ತೆಯಾ?'

ಅಡಿಕೆ ಸುಲಿಯಲು ಜನ ಸಿಗದಿದ್ದದ್ದು ನಿಜವೇ. ಗಡಿಯ ಆಚೆಯಿಂದ ಬರುವವರು ಬರುವ ಹಾಗಿರಲಿಲ್ಲ, ಬಿಸಿಲಿಗೆ ಒಣಗಿದ ಅಡಿಕೆ ಗೋಣಿಗಳಲ್ಲಿ ತುಂಬಿ ಅಟ್ಟದಲ್ಲಿ ಕೂತಿತ್ತು. ಆದರೆ ಬೇಕಿದ್ದರೆ ಅವರು ಯಂತ್ರ ತರಿಸಬಹುದಿತ್ತು. ನನ್ನನ್ನು ಕರೆದರು.

ಸುಲಿಯುವ ಕೆಲಸ ನೋಡಲು ಸುಲಭ. ಮಣೆಯಲ್ಲಿ ನೆಟ್ಟಗೆ ನಿಲ್ಲಿಸಿದ ಕತ್ತಿಯ ಮೊನೆಗೆ ಒಣ ಅಡಿಕೆಯನ್ನು ಒತ್ತಿ ತಿರುಚಬೇಕು. ಸಿಪ್ಪೆ ಸೀಳಿ ಬಾಯಿ ಬಿಡುತ್ತದೆ, ಇನ್ನೊಮ್ಮೆ ತಿರುಚಿದರೆ ಒಳಗಿನ ಅಡಿಕೆ ಟಕ್ ಎಂದು ಬುಟ್ಟಿಗೆ ಬೀಳುತ್ತದೆ. ಪಳಗಿದ ಕೈಗೆ ಎರಡು ಮೂರು ತಿರುಚು ಸಾಕು, ಕಣ್ಣು ಕೂಡ ಬೇಕಾಗುವುದಿಲ್ಲ. ಒತ್ತುವುದು ಹೆಚ್ಚಾದರೆ ಅಡಿಕೆಗೆ ಗಾಯ, ಕಡಿಮೆಯಾದರೆ ಸಿಪ್ಪೆ ಬಿಡುವುದಿಲ್ಲ. ಹೆಬ್ಬೆರಳಿಗೆ ಹಳೆ ಪಂಚೆಯ ಚಿಂದಿ ಸುತ್ತಿಕೊಂಡು, ಮಳೆಯ ಸದ್ದಿನಲ್ಲಿ, ಚಾವಡಿಯಲ್ಲಿ ಸಾಲಾಗಿ ಕೂತು ಸುಲಿಯುವುದು. ಸುಲಿದದ್ದನ್ನು ತೂಕ ಹಾಕಿ ಕಿಲೋ ಲೆಕ್ಕದಲ್ಲಿ ಮಜೂರಿ. ನನ್ನ ಕೈಗೆ ಅದು ನಿಧಾನವಾಗಿ ಬಂತು. ಅದಕ್ಕಿಂತ ಬೇಗ ಬಂದದ್ದು ವಿಂಗಡಿಸುವ ಕೆಲಸ. ಒಡಕಿನ ಪಟೋರ, ಕಪ್ಪಾದ ಕರಿಗೋಟು ಬೇರೆ ಮಾಡುವುದು. ವರ್ಷಗಟ್ಟಲೆ ಪ್ರೂಫ್ ನೋಡಿದ ಕಣ್ಣಿಗೆ ರಾಶಿಯ ನಡುವಿನ ಕೆಟ್ಟ ಅಡಿಕೆ ತಾನಾಗಿ ಸಿಗುತ್ತಿತ್ತು. ಮಾವ ಅದನ್ನು ಗಮನಿಸಿ ಮರುದಿನದಿಂದ ವಿಂಗಡಿಸುವ ರಾಶಿಯನ್ನು ನನ್ನ ಎದುರಿಗೇ ಹಾಕಿಸಿದರು. ಹೊಗಳಲಿಲ್ಲ. ಇವನಿಗೆ ಇದು ಗೊತ್ತುಂಟು ಎಂಬಂತೆ ನಡೆದುಕೊಂಡರು, ಅಷ್ಟೆ. ಕೆಲಸ ಕಳೆದುಕೊಂಡವನಿಗೆ ಅದಕ್ಕಿಂತ ದೊಡ್ಡ ಮದ್ದು ಬೇರೆ ಇಲ್ಲವೆಂದು ನನ್ನ ಅನುಭವ.

ಹತ್ತು ಗಂಟೆಯ ಚಾಯಕ್ಕೆ ಎದ್ದಾಗ ಅವರ ಮಾತು ಹಳೆಯ ಕಾಲಕ್ಕೆ ಹೋಗುತ್ತಿತ್ತು. 1970ರ ಹೊತ್ತಿಗೆ ಅಡಿಕೆ ಧಾರಣೆ ಪಾತಾಳಕ್ಕೆ ಇಳಿದು, ಕೊಳ್ಳುವವರೇ ಇಲ್ಲದೆ ಹೋದ ಸಮಯ. ಅವರು ಆಗ ತರುಣರು, ತಂದೆ ತೀರಿಕೊಂಡಿದ್ದರು, ತಂಗಿಯಂದಿರಿಗೆ ಮದುವೆ ಆಗಬೇಕಿತ್ತು. 'ಅಟ್ಟ ತುಂಬ ಅಡಕ್ಕೆ, ಅಡಿಗೆಗೆ ಅಕ್ಕಿ ಇಲ್ಲೆ.' ಅಕ್ಕಿ ಕೊಟ್ಟದ್ದು ಪೇಟೆಯ ಅಂಗಡಿಯವರು. ಅಡಿಕೆ ಹೋದ ಮೇಲೆ ಕೊಡಿ ಎಂದವರು ಆ ಮಳೆಗಾಲ ಕೇಳಲಿಲ್ಲ, ಮುಂದಿನ ಮಳೆಗಾಲವೂ ಕೇಳಲಿಲ್ಲ. ಬೆಳೆಗಾರರು ಒಟ್ಟಾಗಿ ಏನಾದರೂ ಮಾಡದಿದ್ದರೆ ಉಳಿಗಾಲ ಇಲ್ಲ ಎಂದು ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರು ಸೇರಿ ಕಟ್ಟಿದ ಸಹಕಾರಿ ಅದು. ಗಡಿಯ ರಸ್ತೆಗೆ ಮಣ್ಣು ಸುರಿದ ವರ್ಷದಲ್ಲಿ ಮಾವನ ಬಾಯಿಂದ ಆ ಸಂಗತಿ ಕೇಳುವಾಗ ನನಗೆ ಕಣ್ಣು ತುಂಬಿ ಬಂತು.

ಅಲ್ಲಿಂದಲೇ ನನಗೆ ಒಂದು ವಿಷಯ ತಲೆಗೆ ಹತ್ತಿತು. ಇಚ್ಚ, ಮಾವ ಇಬ್ಬರೂ ತಮ್ಮ ಕೈ ಬರಿದಾದ ಕಾಲವನ್ನು ಮರೆತಿಲ್ಲ. ಅವತ್ತು ಅಕ್ಕಿ ಕೊಟ್ಟವರ ಋಣ ತೀರಿಸೋಣ ಎಂದರೆ ಆ ಕೊಟ್ಟವರು ಈಗ ಇಲ್ಲ. ಹಾಗಾಗಿ ನನ್ನಂಥವರಿಗೆ ಕೊಡುತ್ತಾರೆ. ಕೊಡುವಾಗ ತಾವೇ ಕೇಳುವವರ ಹಾಗೆ ಬರುತ್ತಾರೆ: ಒಂದು ಉಪಕಾರ ಆಗಬೇಕಿತ್ತು, ಜನ ಸಿಕ್ಕುತ್ತಿಲ್ಲ, ಪುರುಸೊತ್ತಿದ್ದರೆ ಬಾ. ತೆಗೆದುಕೊಳ್ಳುವವನ ತಲೆ ಬಾಗದಂತೆ ಕೊಡುವ ಈ ವಿದ್ಯೆ ಬಂದದ್ದು ಸ್ವತಃ ಕೈಚಾಚಿ ನಿಂತ ದಿನಗಳಿಂದಲೇ ಇರಬೇಕು. ಕಿಟ್ ಕೊಡುವಾಗ ಸಾಲಾಗಿ ನಿಲ್ಲಿಸಿ ಫೋಟೊ ತೆಗೆದು ಹಂಚಿದವರೂ ಆ ವರ್ಷ ಇದ್ದರು. ಅವರ ಅಕ್ಕಿಯೂ ಹೊಟ್ಟೆ ತುಂಬಿಸಿದೆ, ಅವರನ್ನು ನಾನು ಹಳಿಯುವುದಿಲ್ಲ. ಆದರೆ ಆ ಫೋಟೊದಲ್ಲಿ ನಿಂತ ಹೆಂಗಸರ ಮುಖ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಹೆಂಡತಿಯ ಅಯಲ್‌ಕೂಟದ್ದೂ ಹೇಳಬೇಕು. 1998ರಲ್ಲಿ ಶುರುವಾದ ಕೇರಳ ಸರಕಾರದ ಮಹಿಳಾ ಯೋಜನೆ ಕುಡುಂಬಶ್ರೀಯ ನೆರೆಕರೆ ಗುಂಪುಗಳನ್ನು ನಮ್ಮ ಕಡೆ ಕನ್ನಡದವರೂ ಅಯಲ್‌ಕೂಟ ಎಂದೇ ಹೇಳುವುದು. ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಾರೆ, ಉಳಿತಾಯದ ದುಡ್ಡು ಕಟ್ಟುತ್ತಾರೆ. ಲಾಕ್‌ಡೌನಿನ ವರ್ಷ ಸರಕಾರ ಬಡ್ಡಿ ಭರಿಸುವ ಸಹಾಯಹಸ್ತಂ ಸಾಲ ಈ ಗುಂಪುಗಳ ಮೂಲಕ ಬಂತು. ಯಾರಿಗೆ ಎಷ್ಟು ಎಂದು ಗುಂಪಿನವರೇ ಕೂತು ತೀರ್ಮಾನಿಸಬೇಕು. ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಸಾಕುವ ಒಬ್ಬ ಅಕ್ಕ ಇದ್ದಾರೆ, ಗಂಡ ಇಲ್ಲ. ಬೀಡಿ ಎಲೆ ಬರುವುದೂ ನಿಂತು ಅವರ ಕೈಯಲ್ಲೂ ಏನೂ ಇರಲಿಲ್ಲ. ಸಭೆಯಲ್ಲಿ ಅವರೇ ಮೊದಲು ಬಾಯಿ ಬಿಟ್ಟು, ನನ್ನದು ಹೇಗೂ ನಡೆಯುತ್ತದೆ, ಇವರ ಮನೆಯಲ್ಲಿ ಅಜ್ಜಿಗೆ ಮದ್ದು ಉಂಟು, ಹೆಚ್ಚಿನ ಪಾಲು ಅವರಿಗೆ ಆಗಲಿ ಎಂದರಂತೆ. ಹೆಂಡತಿ ಮನೆಗೆ ಬಂದು ಇದನ್ನು ಹೇಳಲು ತುಂಬ ಹೊತ್ತು ಹಿಡಿಯಿತು. ನಮಗಿಂತ ಕಡಿಮೆ ಇದ್ದವರು ಕ್ಷಣ ಕೂಡ ಯೋಚಿಸದೆ ಬಿಟ್ಟುಕೊಟ್ಟದ್ದು. ಇವತ್ತಿಗೂ ನನಗೆ ಆ ಮಾತಿನ ಆಳ ಪೂರ್ತಿ ಸಿಕ್ಕಿಲ್ಲ.

ಜೂನ್ 1ಕ್ಕೆ ಕೇರಳ ಸರಕಾರದ ವಿಕ್ಟರ್ಸ್ ಚಾನೆಲಿನ ಮೂಲಕ ಆನ್‌ಲೈನ್ ತರಗತಿ ಶುರುವಾಗಿತ್ತು. ಕನ್ನಡ ಮಾಧ್ಯಮದ ಮಕ್ಕಳ ಪಾಠವನ್ನು ಫೋನಿನಲ್ಲೇ ನೋಡಬೇಕಾಗಿ ಬರುತ್ತಿತ್ತು, ಮನೆಯಲ್ಲಿದ್ದ ಒಂದೇ ಫೋನು ಕೆಲಸ ಹುಡುಕುವ ನನ್ನ ಕೈಯಲ್ಲಿ. ಶಾಲೆಯ ಟೀಚರ್ ಛತ್ರಿ ಹಿಡಿದು ಗುಡ್ಡ ಹತ್ತಿ ಬಂದು ಒಂದು ಟ್ಯಾಬ್ ಕೊಟ್ಟು ಹೋದರು. 'ಇದರಲ್ಲಿ ಪಾಠ ಸರಿಯಾಗಿ ಕಾಣುತ್ತದಾ ಅಂತ ಯಾರಾದರೂ ನೋಡಿ ಹೇಳಬೇಕಿತ್ತು' ಎಂದರು ಮಗಳ ಹತ್ತಿರ. ಅದು ಅವರ ಸ್ವಂತದ್ದು ಎಂದು ತಿಳಿದದ್ದು ಶಾಲೆ ತೆರೆದ ಮೇಲೆ.

ಇನ್ನು ದೇವರ ವಿಷಯ.

ನಾನು ಆಮಂತ್ರಣ ಪತ್ರಿಕೆಗಳಲ್ಲಿ ದೇವರ ಹೆಸರನ್ನು ಎಷ್ಟು ಸಾವಿರ ಸಲ ಜೋಡಿಸಿದ್ದೇನೋ ಲೆಕ್ಕವಿಲ್ಲ. ಆದರೆ ಆ ತಿಂಗಳುಗಳಲ್ಲಿ ಪ್ರಾರ್ಥನೆ ಬಾಯಿಗೆ ಬರುತ್ತಿರಲಿಲ್ಲ. ಸಿಟ್ಟು ಎನ್ನಲಾರೆ, ಒಳಗೆ ಸದ್ದೇ ಇರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಎದ್ದು ದನದ ಹಟ್ಟಿಯ ಕಡೆ ಹೋಗುತ್ತಿದ್ದೆ. ಅಮ್ಮ ಹಳದಿ ಬಟ್ಟೆಯಲ್ಲಿ ನಾಣ್ಯ ಕಟ್ಟಿ ಮಧೂರು ಗಣಪತಿಗೆ ಮುಡಿಪು ಇಟ್ಟಿದ್ದರು. ಯಾಕೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಒಂದು ದಿನ ಹೆಸರುಕಾಳು ತೂಗುತ್ತ, ತಲೆ ಎತ್ತದೆಯೇ, ಇಚ್ಚ ಹೇಳಿದರು: 'ಶುಕ್ರವಾರ ತಳಂಗರೆಗೆ ಹೋಗಿದ್ದೆ. ಮಾಲಿಕ್ ದೀನಾರಿನಲ್ಲಿ ನಿಮಗೋಸ್ಕರ ದುಆ ಮಾಡಿ ಬಂದೆ. ಒಂದು ದಾರಿ ಆಗ್ತದೆ.' ಇಷ್ಟು ಹೇಳಿ ಕಾಳಿನ ಪೊಟ್ಟಣ ಕಟ್ಟಿ ಮುಂದಿಟ್ಟರು, ಮತ್ತೇನು ಬೇಕು ಎಂದು ಕೇಳಿದರು.

ಮನೆಗೆ ನಡೆಯುವ ದಾರಿಯುದ್ದಕ್ಕೂ ಅದೇ ಮಾತು. ನಾನು ದೇವರ ಹತ್ತಿರ ಏನೂ ಕೇಳದೆ ಇದ್ದ ದಿನಗಳಲ್ಲಿ, ನನಗೆ ಬಾರದ ಭಾಷೆಯ ಪ್ರಾರ್ಥನೆಯಲ್ಲಿ, ನಾನು ಕಾಲಿಡದ ಮಸೀದಿಯಲ್ಲಿ, ನನ್ನ ಹೆಸರನ್ನು ಒಬ್ಬರು ಹೇಳಿದ್ದರು. ನಾನು ನಿಲ್ಲಬೇಕಾದ ಜಾಗದಲ್ಲಿ ಇನ್ನೊಬ್ಬರು ಬಂದು ನಿಂತು ಕೈ ಎತ್ತಿದ್ದರು. ಅವರಿಗೆ ಅದರಿಂದ ಏನೂ ಆಗಬೇಕಿರಲಿಲ್ಲ. ಆ ರಾತ್ರಿ ಅಮ್ಮ ದೀಪ ಹಚ್ಚುವಾಗ ನಾನು ಎದ್ದು ಹೋಗಲಿಲ್ಲ.

ದೇವರಿದ್ದಾನೋ ಇಲ್ಲವೋ ಎಂದು ವಾದಿಸುವವರಿಗೆ ಹೇಳಲು ನನ್ನಲ್ಲಿ ಯುಕ್ತಿಯ ಮಾತಿಲ್ಲ. ಕುವೈತಿನಿಂದ ಬರಿಗೈಯಲ್ಲಿ ಬಂದ ಒಬ್ಬರಿಗೆ ಇಳಿದ ಅಕ್ಕಿಯ ಲೋಡು ಮೂವತ್ತು ವರ್ಷ ಕಳೆದು ನನ್ನ ಮನೆಯ ಅನ್ನವಾಗಿ ಬಂತು. ಅರ್ಧ ಶತಮಾನದ ಹಿಂದೆ ಅಟ್ಟದಲ್ಲಿ ಕೊಳೆಯುತ್ತಿದ್ದ ಅಡಿಕೆಯ ಸಂಕಟ ನನಗೆ ಮಜೂರಿಯಾಗಿ ಬಂತು. ಇದನ್ನೆಲ್ಲ ಒಟ್ಟು ಹಿಡಿದಿರುವ ಕೈ ಒಂದಿದೆ ಎಂದು ನಾನು ನಂಬುತ್ತೇನೆ. ಮೊದಲು ನಂಬುತ್ತಿದ್ದದ್ದು ಮನೆಯವರು ನಂಬುತ್ತಾರೆ ಎಂಬ ಕಾರಣಕ್ಕೆ. ಈಗ ಕಂಡು ನಂಬುತ್ತೇನೆ.

ನಮ್ಮ ನೆಲದಲ್ಲಿ ಇದು ಹೊಸತೂ ಅಲ್ಲ. ಮಂಜೇಶ್ವರದ ಉದ್ಯಾವರ ಮಾಡ ಎಂಬ ದೈವಸ್ಥಾನದಲ್ಲಿ ಅರಸು ಮಂಜಿಷ್ಣಾರ್ ದೈವಗಳ ಉತ್ಸವಕ್ಕೆ ಕರೆಯಲು ದೈವದ ಪಾತ್ರಿಗಳು ಪರಿವಾರ ಸಮೇತ ಉದ್ಯಾವರದ ಮಸೀದಿಗೆ ಹೋಗುತ್ತಾರೆ, ಜಮಾತಿನವರು ಎದುರುಗೊಳ್ಳುತ್ತಾರೆ. ಕುಂಬಳೆಯ ಹತ್ತಿರ ಆರಿಕ್ಕಾಡಿಯಲ್ಲಿ ಮುಸ್ಲಿಂ ಮೂಲದ ಆಲಿ ದೈವ ಕಟ್ಟುತ್ತದೆ, ಹರಕೆ ಹೊತ್ತು ಮುಸ್ಲಿಮರೂ ಬರುತ್ತಾರೆ. ಗಡಿ, ಭಾಷೆ, ಪಕ್ಷದ ಹೆಸರಿನಲ್ಲಿ ನಮ್ಮ ಜಿಲ್ಲೆಯ ಬಗ್ಗೆ ದೂರದಲ್ಲಿ ಕೂತವರು ಬರೆಯುವುದನ್ನು ಓದುವಾಗ ಇವರು ಒಮ್ಮೆ ನಮ್ಮ ಪೇಟೆಯ ಅಂಗಡಿ ಜಗಲಿಯಲ್ಲಿ ಒಂದು ಗಂಟೆ ಕೂತು ಹೋಗಲಿ ಅನ್ನಿಸುತ್ತದೆ.

ದೇವಸ್ಥಾನ ತೆರೆದ ಮೇಲೆ ಅಮ್ಮನನ್ನು ಕರೆದುಕೊಂಡು ಮಧೂರಿಗೆ ಹೋದೆ. ಮಧುವಾಹಿನಿ ತುಂಬಿ ಹರಿಯುತ್ತಿತ್ತು. ಒಳಗೆ ಜನ ಕಡಿಮೆ, ದೂರ ದೂರ ನಿಂತಿದ್ದರು. ಅಮ್ಮ ಮುಡಿಪು ಒಪ್ಪಿಸಿದರು. ಗಣಪತಿಯ ಎದುರು ನಿಂತಾಗ ಕೆಲಸ ಕೊಡು ಎಂದು ಕೇಳಬೇಕೆಂದುಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಇಚ್ಚನ ಸೊಸೆಯ ಹೆಸರು. ಅವಳಿಗೆ ದಿನ ತುಂಬುತ್ತ ಬಂದಿತ್ತು, ಮಂಗಳೂರಿನ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದರು, ಆ ಹೊತ್ತಿಗೆ ಗಡಿಯಲ್ಲಿ ಏನಾಗುತ್ತದೋ ಎಂದು ಆ ಮನೆಯವರ ನಿದ್ದೆ ಕೆಟ್ಟಿತ್ತು. ಆಮೇಲೆ ಬೀಡಿ ಕಟ್ಟುವ ಅಕ್ಕನ ಮಕ್ಕಳು, ಆಮೇಲೆ ಮಾವನ ಮಂಡಿನೋವು. ತುಂಬ ಹೊತ್ತು ನಿಂತೆ. ಸಿಹಿ ಅಪ್ಪದ ಪ್ರಸಾದ ತಂದು ಅಯಲ್‌ಕೂಟದ ಮನೆಗಳಿಗೆ ಹಂಚಿದೆವು. ಇಚ್ಚನ ಮನೆಗೆ ಹೆಣ್ಣುಮಗು ಬಂತು, ತಾಯಿ ಮಗು ಇಬ್ಬರೂ ಸೌಖ್ಯವಾಗಿ ಗಡಿ ದಾಟಿ ಮನೆ ಸೇರಿದರು.

ಅವರು ಹೇಳಿದ ದಾರಿಯೂ ಕಂಡಿತು, ಅದೂ ಅವರ ಅಂಗಡಿಯ ಮೂಲಕವೇ. ಲೆಕ್ಕದ ಪುಸ್ತಕ ನೋಡಿದ ಅಕ್ಷಯ ಕೇಂದ್ರದವರು ನನ್ನನ್ನು ಕರೆದರು. 2002ರಲ್ಲಿ ಮಲಪ್ಪುರಂನಲ್ಲಿ ಶುರುವಾದ ಅಕ್ಷಯ ಈಗ ಕೇರಳದ ಮೂಲೆಮೂಲೆಯಲ್ಲಿ ಉಂಟು. ರೇಷನ್ ಕಾರ್ಡಿನಿಂದ ಪೆನ್ಶನ್ ತನಕ ಸರಕಾರದ ಅರ್ಜಿಗಳೆಲ್ಲ ಅಲ್ಲಿಂದ. ಅರ್ಜಿಗಳು ಹೆಚ್ಚಾಗಿ ಮಲಯಾಳದಲ್ಲಿ. ನಮ್ಮ ಪಂಚಾಯತುಗಳ ಹಿರಿಯರಲ್ಲಿ ಕನ್ನಡ ಮಾತ್ರ ಓದಬಲ್ಲವರು ತುಂಬ ಜನ. ಬಸ್ಸಿನ ಬೋರ್ಡು ಓದಿ ಓದಿ ಮಲಯಾಳ ಕಲಿತವನು ನಾನು, ಎರಡನ್ನೂ ಓದಬಲ್ಲೆ, ಎರಡನ್ನೂ ಟೈಪ್ ಮಾಡಬಲ್ಲೆ. ಮನೆ ಇಲ್ಲದವರಿಗಾಗಿ ಲೈಫ್ ಮಿಷನ್ ಅರ್ಜಿ ಕರೆದ ಸಮಯ ಅದು, ಹಗಲಿಡೀ ಜನ. ಹೆಬ್ಬೆಟ್ಟಿನ ಗುರುತು ಸವೆದುಹೋಗಿ ಯಂತ್ರ ಒಪ್ಪದ ಅಜ್ಜಿಯಂದಿರು, ಆಧಾರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಹೆಸರಿರುವ ಅಜ್ಜಂದಿರು. ಒಂದು ಇನಿಶಿಯಲ್ ತಪ್ಪಿದರೆ ಏನಾಗುತ್ತದೆ ಎಂಬುದು ನನಗೆ ಹೊಸತಲ್ಲವಲ್ಲ.

ಮೊದಲು ದಿನಗೂಲಿ, ಆಮೇಲೆ ಸಂಬಳ. ಮಂಗಳೂರಿನಲ್ಲಿ ಸಿಗುತ್ತಿದ್ದಷ್ಟು ಇಲ್ಲ, ರೈಲಿನ ಖರ್ಚೂ ಇಲ್ಲ. ಇಚ್ಚನ ಪುಸ್ತಕದ ನಮ್ಮ ಪುಟಕ್ಕೆ ದುಡ್ಡು ಕಟ್ಟಿ ತಾರೀಕು ಬರೆಸಿದ್ದು ಮರುವರ್ಷ ವಿಷುವಿನ ಮುಂಚೆ. ಆಮಂತ್ರಣ ಪತ್ರಿಕೆಗಳ ಕೆಲಸವೂ ಮತ್ತೆ ಬರುತ್ತಿದೆ, ರಾತ್ರಿ ಮನೆಯಲ್ಲಿ ಮಾಡುತ್ತೇನೆ. ಜಾತ್ರೆಯದ್ದು, ಉರೂಸಿನದ್ದು, ಇಗರ್ಜಿಯ ಹಬ್ಬದ್ದು, ಮೂರೂ ಬರುತ್ತವೆ.

ಇದನ್ನು ಓದುವವರಲ್ಲಿ ನಮ್ಮ ಸುತ್ತಿನ ಹಿರಿಯರು ಯಾರಿಗಾದರೂ ಮಲಯಾಳದ ಅರ್ಜಿ ತುಂಬಲು ಕಷ್ಟವಾದರೆ ಶನಿವಾರ ಮಧ್ಯಾಹ್ನದ ಮೇಲೆ ಕೇಂದ್ರಕ್ಕೆ ಕಳುಹಿಸಿ. ಆ ಹೊತ್ತಿನ ಕೆಲಸಕ್ಕೆ ನನ್ನ ಕೂಲಿ ಇಲ್ಲ, ಸರಕಾರದ ಶುಲ್ಕ ಇದ್ದರೆ ಅಷ್ಟು ಮಾತ್ರ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿ ಇರಲಿ. ಪೆನ್ಶನ್ ಮಸ್ಟರಿಂಗಿಗೆ, ಅಂದರೆ ಪೆನ್ಶನಿನವರು ಬದುಕಿದ್ದಾರೆ ಎಂದು ಯಂತ್ರದಲ್ಲಿ ದಾಖಲಿಸುವುದಕ್ಕೆ, ಮಾತ್ರ ಆ ವ್ಯಕ್ತಿಯೇ ಬೇಕು. ನಡೆಯಲಾಗದವರಿದ್ದರೆ ಯಾರ ಹತ್ತಿರವಾದರೂ ಹೇಳಿ ಕಳುಹಿಸಿ, ಯಂತ್ರ ಹಿಡಿದುಕೊಂಡು ನಾವೇ ಮನೆಗೆ ಬರುತ್ತೇವೆ.